ಮುಚ್ಚುವ ಮುಂಚೆ ಒಮ್ಮೆ ಕರೆಯಿರಿ: ಲಕ್ಕವಳ್ಳಿ ಸೀಮೆಯ ಮೇಸ್ತ್ರಿಗಳಿಗೆ ಬಹಿರಂಗ ಪತ್ರ

ಲಕ್ಕವಳ್ಳಿ ಹೋಬಳಿಯ ಮೇಸ್ತ್ರಿಗಳಿಗೆ, ಗಾರೆ ಕೆಲಸದವರಿಗೆ, ಬಾರ್ ಬೆಂಡಿಂಗ್ ಹುಡುಗರಿಗೆ, ಸೆಂಟ್ರಿಂಗ್ ತಂಡದವರಿಗೆ,

ಸಂಜೆ ಐದೂವರೆಗೆ ನೀವು ಕರಣೆ ತೊಳೆದು, ಬಾಂಡ್ಲಿ ಬೋರಲು ಹಾಕಿ, ಡ್ರಮ್ಮಿನ ನೀರಲ್ಲಿ ಕೈಕಾಲು ತೊಳೆದು ಬೈಕ್ ಹತ್ತುವ ಹೊತ್ತಿಗೆ ಸರಿಯಾಗಿ ಅವರು ಬಂದಿಳಿಯುತ್ತಾರೆ. ಮನೆ ಕಟ್ಟಿಸುತ್ತಿರುವ ಗಂಡ ಹೆಂಡತಿ. ಗಂಡ ಬಂದವನೇ ಗೋಡೆಯ ವರಸೆ ಎಣಿಸುತ್ತಾನೆ. ನಿನ್ನೆಗಿಂತ ಇವತ್ತು ಎಷ್ಟು ಮೇಲೆದ್ದಿದೆ ಅನ್ನುವುದೇ ಅವನ ಲೆಕ್ಕ. ಹೆಂಡತಿ ಇನ್ನೂ ಬಾಗಿಲಿಲ್ಲದ ಅಡುಗೆಮನೆಗೆ ನುಗ್ಗಿ, ಇಲ್ಲದ ಕಟ್ಟೆಯ ಮುಂದೆ ನಿಂತು, ಕಿಟಕಿ ಎಲ್ಲಿ ಬರುತ್ತದೆಂದು ಕೈ ಚಾಚಿ ನೋಡುತ್ತಾಳೆ. ಆಮೇಲೆ ಪ್ರಶ್ನೆಗಳು. ‘ಇಲ್ಲಿ ಬಿರುಕಿದೆಯಲ್ಲ?’ ‘ಈ ಪೈಪ್ ಎಲ್ಲಿಗೆ ಹೋಗುತ್ತೆ?’ ‘ಮೋಲ್ಡ್ ಯಾವತ್ತು ಹಾಕ್ತೀರಿ?’ ನಿಮ್ಮ ಬಾಯಿಂದ ಬರುವುದು ಒಂದೇ ಮಾತು: ‘ಏನೂ ಆಗಲ್ಲ ಸಾರ್, ನಾವು ನೋಡ್ಕೋತೀವಿ.’

ಈ ಓನರ್‌ಗಳ ಕಾಟ ನಿಮಗೆ ಎಷ್ಟು ಬೇಸರ ತರುತ್ತದೆಂಬುದು ಗೊತ್ತಿಲ್ಲದ ವಿಷಯವೇನಲ್ಲ. ದಿನವಿಡೀ ಬಿಸಿಲಲ್ಲಿ ಬೆಂದವರಿಗೆ, ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಬಂದವರು ಪಾಠ ಹೇಳಿದರೆ ಮೈ ಉರಿಯುತ್ತದೆ. ಆದರೂ ಈ ಪತ್ರ ಅವರ ಪರವಾಗಿಯೇ. ಅವರು ಬರುವುದು ಹೆಚ್ಚಾಯಿತು ಅನ್ನುವುದು ನಿಮ್ಮ ದೂರು. ಅವರು ತಪ್ಪು ಹೊತ್ತಿಗೆ ಬರುತ್ತಿದ್ದಾರೆ, ಸರಿಯಾದ ಹೊತ್ತು ಯಾವುದೆಂದು ನೀವು ಹೇಳುತ್ತಿಲ್ಲ ಅನ್ನುವುದು ಈ ಪತ್ರದ ದೂರು.

ಒಮ್ಮೆ ಯೋಚಿಸಿ. ಸಂಜೆ ಬಂದವರಿಗೆ ಕಾಣುವುದು ಏನು? ಆ ದಿನ ಮುಚ್ಚಿ ಮುಗಿದದ್ದು. ತಳಪಾಯದ ಗುಂಡಿಗೆ ಮಣ್ಣು ತುಂಬಿರುತ್ತದೆ, ಪಿಲ್ಲರಿನ ಕಂಬಿ ಕಾಂಕ್ರೀಟಿನೊಳಗೆ ಸೇರಿರುತ್ತದೆ, ಗೋಡೆ ಕೊರೆದು ಕೂರಿಸಿದ ವೈರಿಂಗ್ ಪೈಪಿನ ಮೇಲೆ ಪ್ಲಾಸ್ಟರ್ ಬಂದಿರುತ್ತದೆ. ಮನೆಯ ಆಯುಷ್ಯ ನಿಂತಿರುವುದು ಯಾವುದರ ಮೇಲೋ ಅದು ಕಣ್ಣಿಗೆ ಬೀಳುವುದು ಕೆಲವೇ ಗಂಟೆ. ಆ ಗಂಟೆಗಳಲ್ಲಿ ಗಂಡ ಆಫೀಸಿನಲ್ಲೋ ತೋಟದಲ್ಲೋ ಇರುತ್ತಾನೆ, ಹೆಂಡತಿ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿರುತ್ತಾಳೆ.

ಲಕ್ಕವಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಇಲ್ಲಿ ಟೀ ಅಂಗಡಿಯ ಮೊದಲ ಮಾತೇ ‘ಡ್ಯಾಂ ಎಷ್ಟಡಿ ಆಯ್ತು?’ ಎಂಬುದು. 186 ಅಡಿ ತುಂಬಿದರೆ ಭದ್ರೆ ಭರ್ತಿ, ಒಳಗೆ 71.5 ಟಿಎಂಸಿ ನೀರು. ಆದರೆ ಬರೀ ಅಡಿ ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಒಳಹರಿವು ಎಷ್ಟು, ನಾಲೆಗೆ ಎಷ್ಟು ಬಿಟ್ಟಿದ್ದಾರೆ ಅನ್ನುವ ಲೆಕ್ಕವೂ ಬೇಕು. ದಾವಣಗೆರೆ ಕಡೆಯ ಭತ್ತದವರು ದೂರದಲ್ಲಿ ಕುಳಿತು ನಾಟಿಗೆ ನಿರ್ಧಾರ ಮಾಡುವುದೇ ಈ ಮೂರೂ ಅಂಕಿ ಹಿಡಿದು. ಮನೆ ಕಟ್ಟಿಸುವವರಿಗೆ ಮಾತ್ರ ನಾವು ಅಡಿಯೊಂದನ್ನೇ ತೋರಿಸುತ್ತಿದ್ದೇವೆ. ಮನೆ ಎಷ್ಟು ಎದ್ದಿತು ಎಂಬುದು ಅವರಿಗೆ ಗೊತ್ತು, ಹೇಗೆ ಎದ್ದಿತು ಎಂಬುದು ಗೊತ್ತಿಲ್ಲ.

ಸರ್ಕಾರದ ಮನೆಗಳಲ್ಲೂ ಇದೇ ಕಥೆ. 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆ ಯಾರಾದರೂ ಕಟ್ಟಿಸುತ್ತಿದ್ದರೆ ನೋಡಿರುತ್ತೀರಿ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಗಳು. ಒಂದೊಂದು ಹಂತ ಮುಗಿದಾಗಲೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೊ ತೆಗೆದುಕೊಂಡು ಹೋಗಬೇಕು, ಆಮೇಲೆ ಕಂತು. ಕಳ್ಳ ಬಿಲ್ ತಡೆಯಲು ಇದು ಒಳ್ಳೆಯ ಏರ್ಪಾಡು, ತಕರಾರಿಲ್ಲ. ಒಂದೇ ಮನೆ ತೋರಿಸಿ ಎರಡು ಸಲ ದುಡ್ಡು ಎತ್ತುವುದು ಈಗ ಕಷ್ಟ. ಆದರೆ ಆ ಫೋಟೊ ಸಾಕ್ಷಿ ಹೇಳುವುದು ಮನೆ ಎಷ್ಟು ಎತ್ತರಕ್ಕೆ ಬಂತು ಎಂಬುದಕ್ಕೆ ಮಾತ್ರ. ಲಿಂಟಲಿನೊಳಗೆ ಎಷ್ಟು ಎಂಎಂ ಕಂಬಿ ಇದೆ, ಗೋಡೆಗೆ ಎಷ್ಟು ದಿನ ನೀರು ಹೊಡೆದಿದ್ದೀರಿ, ಯಾವ ಕ್ಯಾಮೆರಾಕ್ಕೂ ಕಾಣದು. ಫಲಾನುಭವಿ ಹೆಣ್ಣುಮಗಳು ಮನೆಯ ಮುಂದೆ ನಿಂತು ಫೋಟೊಕ್ಕೆ ಮುಖ ಕೊಡುತ್ತಾಳೆ, ಅಷ್ಟೇ.

ಈಗ ಮೋಲ್ಡಿನ ದಿನಕ್ಕೆ ಬರೋಣ. ಇಡೀ ಕೆಲಸದಲ್ಲಿ ಓನರ್ ರಜೆ ಹಾಕಿ ಬೆಳಗಿನಿಂದ ನಿಲ್ಲುವುದು ಇದೊಂದೇ ದಿನ. ಹೆಂಡತಿ ಬೆಲ್ಲ, ಬಾಳೆಹಣ್ಣು, ಊದಿನಕಡ್ಡಿ ತಂದಿರುತ್ತಾಳೆ. ಮಿಕ್ಸರ್ ಗುಡುಗುಟ್ಟುತ್ತದೆ, ಬಾಂಡ್ಲಿ ಕೈಯಿಂದ ಕೈಗೆ ಏರುತ್ತದೆ, ಮಧ್ಯಾಹ್ನಕ್ಕೆ ಊಟ ಬರುತ್ತದೆ. ಕೆಳಗೆ ನಿಂತು ನೋಡುವವರಿಗೆ ಜಾತ್ರೆ. ಆದರೆ ಅವರು ನೋಡಬೇಕಾಗಿದ್ದದ್ದು ಹಿಂದಿನ ದಿನ ಸಂಜೆ, ಶೀಟಿನ ಮೇಲೆ ಕಂಬಿ ಕಟ್ಟಿ ಮುಗಿದಾಗ. ಅವತ್ತು ಯಾರೂ ಕರೆದಿರುವುದಿಲ್ಲ.

ಕಂಬಿಗೂ ಕೆಳಗಿನ ಶೀಟಿಗೂ ನಡುವೆ 20 ಎಂಎಂ ಸಂದು ಬೇಕು. ಅದಕ್ಕೇ ಕವರ್ ಬ್ಲಾಕ್. ಸಿಮೆಂಟಿನಲ್ಲಿ ಎರಕ ಹೊಯ್ದ ಆ ಪುಟ್ಟ ಬಿಲ್ಲೆಗಳಿಗೆ ಚಿಲ್ಲರೆ ಕಾಸು. ಆದರೂ ಎಷ್ಟು ಸೈಟಿನಲ್ಲಿ ಅದರ ಜಾಗದಲ್ಲಿ ಸಿಕ್ಕ ಜಲ್ಲಿ ಚೂರು ಸಿಕ್ಕಿಸಿರುತ್ತಾರೆ ಎಂಬುದು ನಿಮಗೇ ಗೊತ್ತು. ಮೇಲೆ ನಾಲ್ಕು ಜನ ಓಡಾಡಿದರೆ ಚೂರು ಜಾರುತ್ತದೆ, ಕಂಬಿ ಹೋಗಿ ಶೀಟಿಗೆ ಅಂಟುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ತಾರಸಿಯ ಹೊಟ್ಟೆಯಲ್ಲಿ ಕಂಬಿಯ ಗೆರೆ ಕಾಣುತ್ತದೆ. ನೀವು ಒಂದು ಕೈ ಸಿಮೆಂಟ್ ಬಳಿದು ಮುಚ್ಚುತ್ತೀರಿ. ಗಟ್ಟಿ ಕಾಂಕ್ರೀಟ್ ತನ್ನ ಕ್ಷಾರ ಗುಣದಿಂದ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಆ ಹೊದಿಕೆಯೇ ಇಲ್ಲದಿದ್ದರೆ ನಮ್ಮ ಮಳೆಗಾಲದ ಥಂಡಿ ಕೆಲವೇ ವರ್ಷಗಳಲ್ಲಿ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಮಲಗುವ ಕೋಣೆಯಲ್ಲಿ ಮಂಚದ ಮೇಲೆ ಗಾರೆ ಚಕ್ಕೆ ಬೀಳುವುದು ಆಗ. ಅಷ್ಟು ಹೊತ್ತಿಗೆ ನೀವು ಯಾವ ಊರಿನ ಯಾವ ಸೈಟಿನಲ್ಲಿರುತ್ತೀರೋ.

ಸಜ್ಜಾದ ಕಥೆ ಇದರ ತಿರುಗುಮುರುಗು. ಗೋಡೆಯಿಂದ ಹೊರಕ್ಕೆ ಚಾಚಿದ ಸಜ್ಜಾಕ್ಕೆ, ಬಾಲ್ಕನಿಗೆ, ಮುಖ್ಯ ಕಂಬಿ ಇರಬೇಕಾದದ್ದು ಮೇಲುಭಾಗದಲ್ಲಿ. ಚಾಚಿದ ತುದಿ ಬಗ್ಗಿದಾಗ ಎಳೆತ ಬೀಳುವುದು ಅಲ್ಲೇ. ಕಾಂಕ್ರೀಟ್ ಹಾಕುವ ಗಡಿಬಿಡಿಯಲ್ಲಿ ಒಬ್ಬ ಹುಡುಗ ಅದರ ಮೇಲೆ ಕಾಲಿಟ್ಟು ನಿಂತರೆ ಕಂಬಿ ತಳಕ್ಕೆ ಕುಸಿಯಿತು. ಲೆಕ್ಕಕ್ಕೆ ಕಂಬಿ ಉಂಟು, ಬಿಲ್ಲಿನಲ್ಲೂ ಉಂಟು, ಕೆಲಸಕ್ಕೆ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಒಮ್ಮೆ ತೋರಿಸಿದರೆ ಆ ಹೆಣ್ಣುಮಗಳು ಇಡೀ ದಿನ ಸಜ್ಜಾದ ಹತ್ತಿರ ಕಾವಲು ನಿಲ್ಲುತ್ತಾಳೆ, ನಿಮಗೆ ಒಂದು ಆಳು ಉಳಿಯಿತು.

ಇನ್ನು ನೀರು. 1:1.5:3ರ ಕಾಂಕ್ರೀಟಿಗೆ 50 ಕೆಜಿಯ ಒಂದು ಚೀಲ ಸಿಮೆಂಟಿಗೆ 30 ಲೀಟರ್ ದಾಟಬಾರದೆಂದು ಭಾರತೀಯ ಮಾನಕ ಸಂಸ್ಥೆಯ ಐಎಸ್ 456 ಹೇಳುತ್ತದೆ; ಮರಳಿನಲ್ಲಿ ಮೊದಲೇ ಇರುವ ಪಸೆಯೂ ಆ 30ರಲ್ಲೇ ಸೇರಬೇಕು. ಮಿಕ್ಸರ್ ಹತ್ತಿರ ನಿಂತವನು ಲೀಟರ್ ನೋಡುತ್ತಾನೆಯೇ? ಮೇಲಿನಿಂದ ‘ನೀರು ಬಿಡೋ, ಎಳೆಯಕ್ಕಾಗ್ತಿಲ್ಲ’ ಎಂದು ಕೂಗು ಬಂದಾಗಲೆಲ್ಲ ಮಗ್ ಮುಳುಗಿಸುತ್ತಾನೆ. ಸಾರಿನಷ್ಟು ತೆಳ್ಳಗಾದರೆ ಸಲೀಸಾಗಿ ಹರಡುತ್ತದೆ, ಬೇಗ ಮನೆಗೆ ಹೋಗಬಹುದು. ಹೆಚ್ಚುವರಿ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದಿದ್ದ ಕಡೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಮಳೆ ನೀರು ಒಳಗೆ ಇಳಿಯುವುದು ಆ ದಾರಿಯಲ್ಲಿ. ಮಿಕ್ಸರ್ ಪಕ್ಕ ಅಳತೆಯ ಬಕೆಟ್ ಒಂದಿದ್ದರೆ, ಅದನ್ನು ಎಣಿಸುವ ಕೆಲಸ ಗಂಡನಿಗೆ ವಹಿಸಿದರೆ, ಅವನೂ ಫೋಟೊ ತೆಗೆಯುವುದು ಬಿಟ್ಟು ಕೆಲಸಕ್ಕೆ ಬರುತ್ತಾನೆ.

ಮೋಲ್ಡ್ ಮುಗಿದ ಮಾರನೆಯ ದಿನದಿಂದ ಶುರುವಾಗುವುದು ಓನರ್‌ಗಳ ನಿಜವಾದ ಸಂಕಟ. ಸೈಟಿನಲ್ಲಿ ಯಾರೂ ಇಲ್ಲ. ಮರದ ಕಂಬಗಳ ಕಾಡು, ಮೇಲೆ ಮಣ್ಣಿನ ಮಡಿ ಕಟ್ಟಿ ನಿಲ್ಲಿಸಿದ ನೀರು. ಒಂದು ವಾರ ಹೋದರೂ ಮನೆ ಒಂದಿಂಚು ಬೆಳೆಯುವುದಿಲ್ಲ. ‘ಮೇಸ್ತ್ರಿ ಕೈ ಕೊಟ್ಟ’ ಎಂಬ ಅನುಮಾನ. ನೀವು ಆ ಹೊತ್ತಿಗೆ ಲಿಂಗದಹಳ್ಳಿ ಕಡೆ ಇನ್ನೊಂದು ಕೆಲಸ ಹಿಡಿದಿರುತ್ತೀರಿ, ಫೋನ್ ಎತ್ತುವುದಿಲ್ಲ. ಅನುಮಾನ ಜಗಳವಾಗುತ್ತದೆ.

ಒಂದೇ ಒಂದು ಮಾತು ಬಿಡಿಸಿ ಹೇಳಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಈಗ ಎಲ್ಲರೂ ತರುವುದು ಹೆಚ್ಚಾಗಿ ಪಿಪಿಸಿ ಸಿಮೆಂಟ್, ಹಾರುಬೂದಿ ಬೆರೆಸಿದ್ದು. ಅದರ ಬಲ ನಿಧಾನಕ್ಕೆ ಕೂಡುತ್ತದೆ. ಮಾನಕದ ಪ್ರಕಾರ 28 ದಿನಕ್ಕೆ 33 ಮೆಗಾಪಾಸ್ಕಲ್ ಬರಬೇಕಾದ ಈ ಸಿಮೆಂಟಿಗೆ 7 ದಿನಕ್ಕೆ ಇರಬೇಕಾದ ಬಲ 22, ಅಂದರೆ ಮೂರರಲ್ಲಿ ಎರಡು ಪಾಲು. ಇಂಥ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆಯಾಗಿಡಬೇಕು, 14 ದಿನವಾದರೆ ಇನ್ನೂ ಮೇಲು. ತಾರಸಿಯ ಕೆಳಗಿನ ಊರೆಗೋಲು ತೆಗೆಯಲು ನಾಲ್ಕೂವರೆ ಮೀಟರಿಗಿಂತ ಕಡಿಮೆ ಅಗಲದ ಕೋಣೆಗೆ 7 ದಿನ, ಅದಕ್ಕಿಂತ ದೊಡ್ಡ ಹಾಲ್‌ಗೆ 14 ದಿನ ಎಂದು ಹೇಳಿರುವುದು ಸಾದಾ ಸಿಮೆಂಟಿಗೆ. ಪಿಪಿಸಿಗೆ ಅದಕ್ಕಿಂತ ಹೆಚ್ಚು ಕಾಯಬೇಕು. ಸೆಂಟ್ರಿಂಗ್ ಶೀಟಿಗೆ ಇನ್ನೊಂದು ಸೈಟಿನವರು ಕಾಯುತ್ತಿದ್ದಾರೆಂದು ಐದನೇ ದಿನಕ್ಕೇ ಗೂಟ ಹೊಡೆದು ಉರುಳಿಸುವುದು ಎಲ್ಲಿಯೂ ಇಲ್ಲದ ನಿಯಮ. ಆ ಖಾಲಿ ದಿನಗಳಲ್ಲಿ ತಾರಸಿಯೊಳಗೆ ಏನು ನಡೆಯುತ್ತಿದೆ ಎಂದು ಗಂಡ ಹೆಂಡತಿಗೆ ಹೇಳಿ. ಗೋಡೆಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಹೊಡೆಯುವ ಪೈಪನ್ನೂ ಅವರ ಕೈಗೆ ಕೊಡಿ. ಇಷ್ಟು ಪ್ರೀತಿಯಿಂದ ಆ ಕೆಲಸ ಮಾಡುವವರು ನಿಮಗೆ ಕೂಲಿಗೆ ಸಿಗಲಾರರು.

ನಮ್ಮ ತರೀಕೆರೆ ತಾಲ್ಲೂಕಿಗೆ ಮನೆ ಕಟ್ಟುವುದು ಬರೀ ಒಂದು ಸಂಸಾರದ ಸುದ್ದಿಯಾಗಿ ಉಳಿದಿಲ್ಲ. 1947ರಲ್ಲಿ ಶುರುವಾದ ಭದ್ರಾ ಅಣೆಕಟ್ಟು 1965ಕ್ಕೆ ಮುಗಿದಾಗ ಒಂದಿಡೀ ಕಣಿವೆ ನೀರೊಳಗೆ ಹೋಗಿತ್ತು. 1974ರಲ್ಲಿ ಭದ್ರಾ ಅಭಯಾರಣ್ಯ, 1998ರಲ್ಲಿ ಹುಲಿ ಯೋಜನೆ. ಆಮೇಲೆ ಕಾಡಿನೊಳಗಿದ್ದ 11 ಹಳ್ಳಿಗಳ 419 ಕುಟುಂಬಗಳು ಹೊರಗೆ ಬಂದವು. 2002ಕ್ಕೆ ಸ್ಥಳಾಂತರ ಮುಗಿಯಿತು. ಹೆಚ್ಚಿನವರು ನೆಲೆಸಿದ್ದು ನಿಮ್ಮದೇ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ, ಉಳಿದವರು ಕೆಳಗೂರಿನಲ್ಲಿ. ಇಷ್ಟು ಸಂಸಾರಗಳಿಗೆ ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಸೂರು ಏಳಬೇಕಾಯಿತು. ಇಷ್ಟೊಂದು ಗಂಡ ಹೆಂಡಿರು ಒಂದೇ ಬಯಲಿನಲ್ಲಿ ನಿಂತು ತಮ್ಮ ಹೊಸ ಮನೆಗಾಗಿ ಕಾದ ಇನ್ನೊಂದು ಸಂದರ್ಭ ಈ ಸೀಮೆಯಲ್ಲಿ ಇರಲಾರದು.

ಆ ಸ್ಥಳಾಂತರದ ಬಗ್ಗೆ ವನ್ಯಜೀವಿ ಸಂಶೋಧಕಿ ಕೃತಿ ಕಾರಂತ್ ಅಧ್ಯಯನ ಮಾಡಿದ್ದಾರೆ. 2007ರಲ್ಲಿ ಅದು ಪ್ರಕಟವಾಯಿತು. ಬಹುಪಾಲು ಕುಟುಂಬಗಳು ಒಟ್ಟಾರೆ ತೃಪ್ತಿಯಲ್ಲಿದ್ದವು ಎಂಬುದು ಅವರು ಕಂಡುಕೊಂಡದ್ದು. ಆ ಫಲಿತಾಂಶದ ಪರ ವಿರೋಧ ಏನೇ ಇರಲಿ, ಇಲ್ಲಿ ಮುಖ್ಯವಾದದ್ದು ಅವರು ಕೇಳಿದ ರೀತಿ. 2002ರಲ್ಲಿ ಮನೆಮನೆಗೆ ಹೋಗಿ ಮಾತಾಡಿಸಿದವರು ಅಷ್ಟಕ್ಕೇ ಲೆಕ್ಕ ಮುಗಿಸಲಿಲ್ಲ. ನಾಲ್ಕು ವರ್ಷ ಬಿಟ್ಟು 2006ರಲ್ಲಿ ಮತ್ತೆ ಹೋಗಿ ಕೇಳಿದರು. ನಿಮ್ಮಲ್ಲಿ ಎಷ್ಟು ಜನ, ಕಟ್ಟಿದ ಮನೆಯ ಬಾಗಿಲನ್ನು ನಾಲ್ಕು ವರ್ಷದ ಮೇಲೆ ತಟ್ಟಿ ‘ಹೇಗಿದೆ?’ ಎಂದು ಕೇಳಿದ್ದೀರಿ?

ಹೆಂಗಸರ ಮಾತಿಗೆ ಬರುವುದಾದರೆ, ಸೈಟಿನಲ್ಲಿ ಅತ್ಯಂತ ಕಡಿಮೆ ಉತ್ತರ ಸಿಗುವುದು ಅವರಿಗೆ. ಹೆಂಡತಿ ಕೇಳಿದ ಪ್ರಶ್ನೆಗೂ ನೀವು ಗಂಡನ ಮುಖ ನೋಡಿ ಉತ್ತರ ಹೇಳುತ್ತೀರಿ. ಸರ್ಕಾರಿ ವಸತಿ ಯೋಜನೆಗಳು ಮನೆಯನ್ನು ಹೆಣ್ಣಿನ ಹೆಸರಿಗೇ ಕೊಡುತ್ತ ಬಂದು ಎಷ್ಟೋ ವರ್ಷವಾಯಿತು. ಹಕ್ಕುಪತ್ರದಲ್ಲಿ ಯಜಮಾನಿ ಅವಳು, ಸೈಟಿನಲ್ಲಿ ಮಾತ್ರ ‘ಅಕ್ಕಾ, ನಿಮಗೆ ಗೊತ್ತಾಗಲ್ಲ ಬಿಡಿ’. ಅಡುಗೆಕಟ್ಟೆಯ ಎತ್ತರ ಯಾವ ಪ್ಲಾನಿನಲ್ಲಿ ಬರೆದಿದ್ದರೂ, ಅಲ್ಲಿ ನಿಂತು ಚಪಾತಿ ಲಟ್ಟಿಸುವವಳ ಮೊಣಕೈಗೆ ಸರಿಹೋಗದಿದ್ದರೆ ಮುಂದಿನ ಮೂವತ್ತು ವರ್ಷ ಬೆನ್ನುನೋವು ಅವಳದು. ಮಿಕ್ಸಿಯ ಸ್ವಿಚ್ಚು ಎಲ್ಲಿ, ಕುಕ್ಕರಿನ ಹಬೆ ಯಾವ ಕಡೆಗೆ, ಸಿಲಿಂಡರ್ ಒಳಗೋ ಹೊರಗೋ, ಬಟ್ಟೆ ಒಗೆಯುವ ಕಲ್ಲಿನ ನೀರು ಎಲ್ಲಿಗೆ ಹರಿಯಬೇಕು, ಅಡಿಕೆ ಸುಲಿಯುವ ಕಾಲದಲ್ಲಿ ಬರುವ ಆಳುಗಳಿಗೆ ಕಾಫಿ ಕಾಯಿಸಲು ಹಿಂದಿನ ಬಾಗಿಲು ಎಷ್ಟು ಅಗಲ ಬೇಕು: ಇವೆಲ್ಲ ಗೋಡೆ ಕೊರೆಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳು. ಒಂದು ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ‘ಎಲ್ಲೆಲ್ಲಿ ಬೇಕೋ ಗುರುತು ಹಾಕಿ ಅಕ್ಕಾ’ ಎಂದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಪೈಪು ಕೂರಿಸಿದ ಮೇಲೆ, ಪ್ಲಾಸ್ಟರ್ ಮುಚ್ಚುವ ಮುಂಚೆ, ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಲು ಅವರಿಗೇ ಹೇಳಿ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವಾಗ ನೀರಿನ ಪೈಪಿಗೇ ಡ್ರಿಲ್ ತಾಗಿಸಿದರು ಎಂಬ ಅಪವಾದದಿಂದ ನೀವೂ ಪಾರು.

ಮೊದಲೇ ಕೇಳಿದ ಪ್ರಶ್ನೆ ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆ ಇದೆ, ‘ಸೌರಭ’ ಎಂದು ಹೆಸರು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಕಟ್ಟಿಸಿದ್ದು. 1990ರ ದಶಕದಲ್ಲಿ ಎದ್ದ ಆ ಮನೆಗೆ ಜಲಮಂಡಳಿಯ ನಲ್ಲಿಯೇ ಇಲ್ಲ, ಸಂಸಾರ ನಡೆದಿರುವುದು ಮಳೆ ನೀರಿನಲ್ಲಿ. ಕಟ್ಟುವ ಮೊದಲೇ ಅವರು ನಗರದ ಹಳೆಯ ಮಳೆ ದಾಖಲೆ ತೆಗೆದು ಕೂತು, ಮನೆಗೆ ಎಷ್ಟು ನೀರು ಬೇಕು, ಸೂರಿನ ಮೇಲೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದ್ದರು. ಚಾವಣಿಯ ಇಳಿಜಾರು, ತೊಟ್ಟಿ ಎಲ್ಲಿ, ಪೈಪು ಎಲ್ಲಿ ಇಳಿಯಬೇಕು, ಎಲ್ಲವೂ ಆ ಲೆಕ್ಕದ ಮೇಲೆ ನಿಂತಿವೆ. ಡ್ಯಾಮಿನ ಮಗ್ಗುಲಲ್ಲೇ ಇರುವ ನಮಗೆ ಇದು ಯಾಕೆ ಎನ್ನಬೇಡಿ. ಇಲ್ಲಿ ತಾರಸಿಯ ನೀರನ್ನು ಆದಷ್ಟು ಬೇಗ ಹೊರಗೆ ಸಾಗಹಾಕುವುದೇ ದೊಡ್ಡ ಕೆಲಸ, ಅದಕ್ಕೂ ಇಳಿಜಾರೇ ಬೇಕು. ಇಳಿಜಾರು ಯಾವ ಮೂಲೆಗೆ ಎಂದು ಮೋಲ್ಡ್ ಹಾಕುವ ಮುಂಚೆ ತೀರ್ಮಾನವಾಗದಿದ್ದರೆ ಆಮೇಲೆ ಮೂರಿಂಚು ಗಾರೆ ತುಂಬಿ ತಾರಸಿಯ ಮೇಲೆ ವೃಥಾ ಭಾರ ಹೇರುತ್ತೀರಿ.

ನಿಮ್ಮದೇ ತಪ್ಪೆಂದು ಈ ಪತ್ರ ಸಾಧಿಸಹೊರಟಿಲ್ಲ. ಗಂಡ ಹೆಂಡಿರ ಕಡೆಯ ತಪ್ಪುಗಳೂ ಸಣ್ಣವಲ್ಲ. ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಯಾರೋ ನೆಂಟರು ಬಂದು ವಾಸ್ತು ಹೇಳಿದರೆಂದು ಬಾಗಿಲು ಕಿತ್ತು ಪಕ್ಕಕ್ಕೆ ಇಡಿಸುತ್ತಾರೆ. ಚದರಕ್ಕಿಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಿ, ನಡುವೆ ಒಂದು ಶೆಲ್ಫು, ಒಂದು ಮೆಟ್ಟಿಲು, ಒಂದು ದೇವರ ಗೂಡು ಸೇರಿಸಿ ಅದೇ ದುಡ್ಡಿನಲ್ಲಿ ಮಾಡಿಕೊಡಿ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡ ಶತ್ರು ಮುಹೂರ್ತ. ಆಷಾಢ ಬಂದರೆ ಆಗದು, ಧನುರ್ಮಾಸ ಆಗದು. ಹಾಗಾಗಿ ಜೂನ್ ಮಳೆಗೆ ಮುಂಚಿನ ಆ ಕೆಲವೇ ವಾರಗಳ ಮೇಲೆ ಊರಿನ ಗೃಹಪ್ರವೇಶಗಳೆಲ್ಲ ಬಂದು ಬೀಳುತ್ತವೆ. ಕರೆಯೋಲೆ ಅಚ್ಚಾಗಿ ಹಂಚಿದ ಮೇಲೆ ಗೋಡೆ ಒಣಗಿದೆಯೋ ಇಲ್ಲವೋ ಕೇಳುವವರಿಲ್ಲ. ಒದ್ದೆ ಪ್ಲಾಸ್ಟರಿನ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಹೋಮದ ಹೊಗೆ ಆರುವ ಮೊದಲೇ ಗೋಡೆಯಲ್ಲಿ ಗುಳ್ಳೆ ಏಳುತ್ತದೆ, ಬೈಗುಳ ನಿಮಗೆ. ಇಂಥ ಕಡೆ ‘ಇಷ್ಟು ದಿನ ಕಾಯಲೇಬೇಕು, ಅದಾದ ಮೇಲೆ ಜೋಯಿಸರನ್ನು ಕೇಳಿ’ ಎಂದು ಮೋಲ್ಡಿನ ದಿನವೇ ನೀವು ಗಟ್ಟಿಯಾಗಿ ಹೇಳಬೇಕು. ಹೇಳುವವರು ಕಡಿಮೆ, ಹೇಳಿದರೆ ಕೆಲಸ ಕೈತಪ್ಪುತ್ತದೆಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ.

ಅವರಿಂದ ನಿಮಗೆ ಸಲ್ಲಬೇಕಾದದ್ದೂ ಇದೆ, ಅದನ್ನು ನೀವು ಕೇಳುತ್ತಿಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂತು. ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಸಾಕು. ಆ 90 ದಿನಕ್ಕೆ ದೃಢೀಕರಣ ಬೇಕು. ನಿಮ್ಮ ಜೊತೆ ಕಲ್ಲು ಮಣ್ಣು ಹೊರುವ ಹೆಣ್ಣಾಳಿಗೆ, ಸಿಮೆಂಟ್ ಕಲಸುವ ಹುಡುಗನಿಗೆ ಈ ಕಾಗದ ಕೊಡಿಸಿದ್ದೀರಾ? ಮನೆ ಕಟ್ಟಿಸುವ ಗಂಡ ಹೆಂಡತಿ ದಿನವೂ ಬಂದು ನೋಡಿದವರು; ಯಾರು ಎಷ್ಟು ದಿನ ಕೆಲಸ ಮಾಡಿದರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರನ್ನು ಸೈಟಿನಿಂದ ಓಡಿಸುವ ಬದಲು ಹಾಜರಿ ಪುಸ್ತಕ ಅವರ ಕಣ್ಣಿಗೆ ಬೀಳುವಂತೆ ಇಡಿ. ಗಾಯವಾದಾಗ, ಮಕ್ಕಳ ಓದಿಗೆ ನೆರವು ಬೇಕಾದಾಗ ಆ ನೋಂದಣಿ ಕೈ ಹಿಡಿಯುತ್ತದೆ.

ಹೆಸರಿನ ಮಾತು ಬಂದದ್ದಕ್ಕೆ ಒಂದು ವಿಷಯ. ತರೀಕೆರೆಯ ಸಮೀಪದಲ್ಲಿರುವ ಅಮೃತಾಪುರದ ಅಮೃತೇಶ್ವರ ದೇವಸ್ಥಾನವನ್ನು ನೀವೆಲ್ಲ ನೋಡಿದ್ದೀರಿ. 1196ರಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಕಟ್ಟಿಸಿದವನ ಹೆಸರು ದೇವರಿಗೇ ಹೋಯಿತು, ಸರಿ. ಆದರೆ ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರೂ ಎಂಟು ನೂರು ವರ್ಷ ದಾಟಿ ನಮಗೆ ತಲುಪಿದೆ. ಆಮೇಲೆ ಸೋಮನಾಥಪುರದಲ್ಲೂ ಕೆತ್ತಿದ ಆ ಶಿಲ್ಪಿ ಕಸುಬು ಶುರು ಮಾಡಿದ್ದೇ ಇಲ್ಲಿ ಎಂದು ಇತಿಹಾಸಕಾರರು ಹೇಳುತ್ತಾರೆ. ಹೊಯ್ಸಳರ ಕಾಲದ ಕುಶಲಕರ್ಮಿಗಳಿಗೆ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುವ ಅಭ್ಯಾಸವಿತ್ತು. ಇವತ್ತು ಗೇಟಿನ ಮೇಲೆ ‘ಮಾತೃಕೃಪಾ’, ಅದರ ಕೆಳಗೆ ಓನರ್ ಹೆಸರು, ಸಿಮೆಂಟ್ ಕಂಪನಿಯ ಜಾಹೀರಾತು ಬೇರೆ. ಮೇಸ್ತ್ರಿಯ ಹೆಸರು ಎಲ್ಲಿಯೂ ಇಲ್ಲ. ಮೆಟ್ಟಿಲಿನ ಕೆಳಗೋ ಸಂಪಿನ ಮುಚ್ಚಳದ ಪಕ್ಕವೋ ಒಂದು ಮೂಲೆಯಲ್ಲಿ, ಹಸಿ ಗಾರೆಯಲ್ಲಿ ನಿಮ್ಮ ಹೆಸರು, ಮೋಲ್ಡ್ ಹಾಕಿದ ತಾರೀಖು, ಸಿಮೆಂಟಿನ ಬಗೆ ಕೊರೆದಿಡಿ. ಬೇಡ ಎನ್ನುವ ಓನರ್ ಇರಲಾರ. ಹೆಸರು ಕೊರೆಯಲು ಕೈ ಹಿಂಜರಿದರೆ ಆ ಕಾಂಕ್ರೀಟಿನಲ್ಲಿ ಏನೋ ಎಡವಟ್ಟಿದೆ ಎಂದು ನಿಮಗೇ ಅನ್ನಿಸುತ್ತದೆ.

ಕಡೆಯದಾಗಿ ಕೆಲವು ಬೇಡಿಕೆಗಳು, ಖರ್ಚಿಲ್ಲದವು.

ತಳಪಾಯದ ಗುಂಡಿ ಗಟ್ಟಿ ನೆಲ ಮುಟ್ಟಿದ ದಿನ, ಮಣ್ಣು ತುಂಬುವ ಮುಂಚೆ, ಇಬ್ಬರನ್ನೂ ಬೆಳಿಗ್ಗೆಯೇ ಕರೆಯಿರಿ. ಗುಂಡಿಗೆ ಇಳಿದು ಸಲಾಕೆಯಿಂದ ಕುಟ್ಟಿ ನೋಡಲಿ. ಕಂಬಿ ಕಟ್ಟಿದ ದಿನ ಕರೆಯಿರಿ. ಬಚ್ಚಲುಮನೆಯ ತಗ್ಗಿನಲ್ಲಿ ಟೈಲ್ಸ್ ಹಾಕುವ ಮೊದಲು ಒಂದು ದಿನ ಪೂರ್ತಿ ನೀರು ನಿಲ್ಲಿಸಿ, ಆಚೆ ಗೋಡೆ ಥಂಡಿಯಾಗಿದೆಯೇ ಎಂದು ಅವರಿಂದಲೇ ಮುಟ್ಟಿಸಿ ನೋಡಿ. ಗೋಡೆಯನ್ನು ಒಂದೇ ದಿನದಲ್ಲಿ ಐದಡಿಗಿಂತ ಎತ್ತರಿಸಬೇಡಿ. ಗಂಡ ವರಸೆ ಎಣಿಸಿ ‘ಇವತ್ತು ಕಡಿಮೆ ಆಯ್ತಲ್ಲ’ ಎಂದರೆ ಯಾಕೆಂದು ಹೇಳಿ. ಕೆಳಗಿನ ಗಾರೆ ಹಸಿಯಾಗಿರುವಾಗಲೇ ಮೇಲೆ ಭಾರ ಹೇರಿದರೆ ಗೋಡೆ ತೂಗುಗುಂಡಿನ ದಾರ ಬಿಟ್ಟು ವಾಲುತ್ತದೆ ಎಂದು ಹೇಳಿದರೆ ಅವನಿಗೂ ತಿಳಿಯುತ್ತದೆ. ತೂಗುಗುಂಡನ್ನು ಒಮ್ಮೆ ಅವನ ಕೈಗೇ ಕೊಟ್ಟರೂ ಆಯಿತು.

ಕೊನೆಯ ಕಂತಿನಲ್ಲಿ ಸ್ವಲ್ಪ ಭಾಗವನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಅವರ ಕೈಯಲ್ಲೇ ಬಿಡಲು ಒಪ್ಪಿಕೊಳ್ಳಿ. ಕೆಲಸ ಹಿಡಿಯುವಾಗಲೇ ಇದನ್ನು ಕಾಗದದಲ್ಲಿ ಬರೆಸಿ, ಇಬ್ಬರ ರುಜುವನ್ನೂ ಹಾಕಿಸಿಕೊಳ್ಳಿ. ಹಾಗಿದ್ದರೆ ಆ ದುಡ್ಡು ನಿಮ್ಮ ಕೈ ತಪ್ಪದು. ಶ್ರಾವಣದ ಜಡಿಮಳೆ ಒಂದು ವಾರ ಹಿಡಿದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೋಗಿ. ಸಜ್ಜಾ ಗೋಡೆಗೆ ಕೂಡುವ ಗೆರೆ, ತಾರಸಿಯ ಪ್ಯಾರಾಪೆಟ್ ಬುಡ, ಕಿಟಕಿಯ ಕೆಳಗಿನ ಮೂಲೆ, ನೀರಿನ ಟ್ಯಾಂಕಿನ ಅಡಿ, ಬಚ್ಚಲಿನ ಹಿಂಗೋಡೆ, ಇಷ್ಟು ನೋಡಿ. ಸೋರಿದ್ದು ಕಂಡರೆ ಅವತ್ತೇ ಗುರುತು ಹಾಕಿಬಿಡಿ, ದುರಸ್ತಿ ಬಿಸಿಲು ಬಂದ ಮೇಲೆ. ಮಳೆಗಾಲ ಮುಗಿದ ಮೇಲೆ ಹೋದಾಗ ಮನೆಯವರು ಉಪ್ಪಿಟ್ಟು ಕಾಫಿ ಕೊಡುತ್ತಾರೆ; ಕುಳಿತು ತಿಂದು, ಉಳಿದ ದುಡ್ಡು ಎಣಿಸಿಕೊಂಡು ಬನ್ನಿ.

ಇಂತಿ,
ನೀವು ಕಟ್ಟಿದ ಮನೆಗಳ ಮುಂದೆ ಓಡಾಡುವವರಲ್ಲೊಬ್ಬ